ದಾರಿಯೇ ಸರಿ ಇಲ್ಲದ ಕಡೆ ರೋಗ ಹೇಗೆ ಹಬ್ಬುತ್ತದೆ?

ಪ್ರಶ್ನೆ: ನನ್ನ ಮಗನಿಗೆ ಉಗಾಂಡದ ಕಂಪಾಲಾದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡುತ್ತಾನೆ. ಎಬೋಲಾ ಸುದ್ದಿಗಳನ್ನೆಲ್ಲ ಓದಿ ಗಾಬರಿಯಾಗಿದೆ. ಒಂದು ವಿಷಯ ಮಾತ್ರ ನನಗೆ ಅರ್ಥವಾಗುತ್ತಿಲ್ಲ. ಆಫ್ರಿಕಾದಲ್ಲಿ ಒಳ್ಳೇ ರಸ್ತೆ ಕಡಿಮೆ, ರೈಲು ಕಡಿಮೆ, ವಿಮಾನವೂ ಕಡಿಮೆ ಅಂತಾರೆ. ಜನ ಓಡಾಡದಿದ್ದರೆ ರೋಗವೂ ಓಡಾಡಬಾರದಲ್ವಾ? ಹಾಗಿದ್ದೂ ಅಲ್ಲಿ ಮತ್ತೆ ಮತ್ತೆ ಯಾಕೆ ಹಬ್ಬುತ್ತದೆ? ಗಡಿ ಮುಚ್ಚಿಬಿಟ್ಟರೆ ಮುಗಿಯುವುದಿಲ್ಲವೇ?
– ಹಾಸನದಿಂದ ಒಬ್ಬ ತಾಯಿ

ಉತ್ತರ: ನಮಸ್ಕಾರ ಅಮ್ಮ. ಮಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಹೊರಡುವ ಮುಂಚೆ ಅವನು ಮಾಡಿಕೊಳ್ಳಲೇಬೇಕಾದ ಒಂದು ಕೆಲಸವಿದೆ.

ಜನ ಓಡಾಡದಿದ್ದರೆ ರೋಗ ಓಡಾಡುವುದಿಲ್ಲ ಎಂಬ ನಿಮ್ಮ ಲೆಕ್ಕ ಸರಿಯಾಗಿದೆ. ಆದರೆ ರಸ್ತೆ ಕೆಟ್ಟಿದ್ದರೆ ಜನ ಓಡಾಡುವುದಿಲ್ಲ ಅಂದುಕೊಂಡಿದ್ದೀರಲ್ಲ, ಅದು ಸರಿಯಲ್ಲ. ಓಡಾಡುತ್ತಾರೆ. ಸಂತೆಗೆ ಹೋಗಬೇಕು, ಮಗಳ ಮನೆಗೆ ಹೋಗಬೇಕು, ಸತ್ತವರ ಮಣ್ಣಿಗೆ ಹೋಗಬೇಕು. ಬಸ್ಸಿಲ್ಲ ಅಂತ ಇವು ಯಾವುದೂ ನಿಲ್ಲುವುದಿಲ್ಲ. ನಿಧಾನವಾಗಿ, ಕಷ್ಟಪಟ್ಟು, ಒಂದೇ ಗಾಡಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಹೋಗುತ್ತಾರೆ. ಇನ್ನೊಂದು ಮಾತು. ಆಫ್ರಿಕಾ ಅಂದರೆ 54 ದೇಶ. ಮೊರಾಕ್ಕೊ, ದಕ್ಷಿಣ ಆಫ್ರಿಕಾಗಳಲ್ಲಿ ಒಳ್ಳೆಯ ಹೆದ್ದಾರಿಗಳಿವೆ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ನಮ್ಮ ಕರ್ನಾಟಕದ 12 ಪಟ್ಟು ದೊಡ್ಡದು. ಅಲ್ಲಿ ಡಾಂಬರು ಕಂಡ ರಸ್ತೆ ಸುಮಾರು 3,000 ಕಿ.ಮೀ. ಮಾತ್ರ. ನಿಮ್ಮ ಪ್ರಶ್ನೆ ಮುಖ್ಯವಾಗಿ ಇಂಥ ಜಾಗಗಳದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

2014ರಲ್ಲಿ ಎಬೋಲಾ ಎರಡು ಕಡೆ ಎದ್ದಿತು. ಒಂದಕ್ಕೊಂದು ಸಂಬಂಧವಿಲ್ಲ. ಒಂದನ್ನು ಇಡೀ ಜಗತ್ತು ನೋಡಿತು, ಇನ್ನೊಂದು ಯಾರಿಗೂ ನೆನಪಿಲ್ಲ.

ನೆನಪಿಲ್ಲದ್ದು ಕಾಂಗೊದ ಬೊಯೆಂಡೆ ಎಂಬಲ್ಲಿ ಆದದ್ದು. ಸುತ್ತ ಕಾಡು, ನಡುವೆ ಹೊಳೆಗಳು. ಕಾಡುಪ್ರಾಣಿಯ ಮಾಂಸ ಕತ್ತರಿಸಿದ ಗರ್ಭಿಣಿಯೊಬ್ಬರಿಂದ ಅದು ಶುರುವಾಯಿತು. ಅವರಿಗೆ ಚಿಕಿತ್ಸೆ ಕೊಟ್ಟವರಿಗೆ, ಅವರ ಮಣ್ಣು ಮಾಡಿದವರಿಗೆ ಅಂಟಿತು. ಒಟ್ಟು 66 ಜನರಿಗೆ ಬಂತು, 49 ಜನ ಸತ್ತರು. ಸುಮಾರು ಮೂರು ತಿಂಗಳಲ್ಲಿ ನಿಂತುಹೋಯಿತು. ಆ ಸೀಮೆ ಬಿಟ್ಟು ಆಚೆ ಹೋಗಲೇ ಇಲ್ಲ.

ಇನ್ನೊಂದು ಗಿನಿ ದೇಶದ ಮೆಲಿಯಾಂಡು ಎಂಬ ಸಣ್ಣ ಹಳ್ಳಿಯಲ್ಲಿ, ಎರಡು ವರ್ಷದ ಮಗುವಿನಿಂದ ಶುರುವಾಯಿತು. ಅದು 2013ರ ಡಿಸೆಂಬರ್. ಅಲ್ಲಿಂದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರೂ ದೇಶಗಳಿಗೆ ಹಬ್ಬಿತು. 28,600ಕ್ಕೂ ಹೆಚ್ಚು ಜನರಿಗೆ ಬಂದು, 11,300ಕ್ಕೂ ಹೆಚ್ಚು ಜನ ಸತ್ತರು.

ಎರಡೂ ಕಡೆ ಒಂದೇ ಜಾತಿಯ ವೈರಸ್. ಎರಡೂ ಕಡೆ ಬಡತನ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ?

ಮೆಲಿಯಾಂಡು ಇರುವುದು ಗೆಕೆಡು ಪಟ್ಟಣದ ಹತ್ತಿರ. ಅಲ್ಲಿಂದ ಸಿಯೆರಾ ಲಿಯೋನ್ ಗಡಿಯೂ ಹತ್ತಿರ, ಲೈಬೀರಿಯಾ ಗಡಿಯೂ ಹತ್ತಿರ. ಮೂರೂ ದೇಶಗಳಲ್ಲಿ ಕಿಸ್ಸಿ ಎಂಬ ಒಂದೇ ಜನ ಹಂಚಿಹೋಗಿದ್ದಾರೆ. ಅತ್ತೆಮನೆ ಒಂದು ದೇಶದಲ್ಲಿ, ತವರು ಇನ್ನೊಂದರಲ್ಲಿ. ವಾರದ ಸಂತೆಗೆ ಹೊಳೆ ದಾಟಿ ಹೋಗುತ್ತಾರೆ. ರಸ್ತೆಗಳು ಕೆಟ್ಟವೇ. ಆದರೆ ಕೆಟ್ಟ ರಸ್ತೆಯಲ್ಲೂ ಬೈಕ್ ಓಡುತ್ತದಲ್ಲ. ಬಾಡಿಗೆ ಬೈಕ್‌ಗಳು, ಎಷ್ಟು ಜನ ಹಿಡಿದರೂ ಹೊರಡುವ ಹಂಚಿಕೆ ಟ್ಯಾಕ್ಸಿಗಳು ಆ ಸೀಮೆಯನ್ನೆಲ್ಲ ಹೆಣೆದುಬಿಟ್ಟಿದ್ದವು. ಕಾಡಿನ ಹಳ್ಳಿಯಿಂದ ರಾಜಧಾನಿಗೆ ಒಂದೆರಡು ದಿನದಲ್ಲಿ ತಲುಪಬಹುದಿತ್ತು. ಬೊಯೆಂಡೆಯಲ್ಲಿ ಹಾಗಿರಲಿಲ್ಲ. ಅಲ್ಲಿಂದ ಆಚೆ ಹೋಗಬೇಕಾದರೆ ಕಾಲ್ನಡಿಗೆ, ಸೈಕಲ್, ಬೈಕ್, ಇಲ್ಲವೇ ದಿನಗಟ್ಟಲೆ ದೋಣಿ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಬೊಯೆಂಡೆಯದ್ದು ಕಾಂಗೊಗೆ ಏಳನೆಯ ಎಬೋಲಾ. ಅಲ್ಲಿನ ವೈದ್ಯರಿಗೆ ಅದರ ಮುಖ ಗೊತ್ತಿತ್ತು. ಅವರಲ್ಲಿ ಹಿರಿಯರಾದ ಜಾನ್-ಜಾಕ್ ಮುಯೆಂಬೆ 1976ರಲ್ಲಿ, ಈ ರೋಗಕ್ಕೆ ಹೆಸರೇ ಇಲ್ಲದಾಗ, ಯಾಂಬುಕು ಎಂಬ ಊರಿಗೆ ಹೋಗಿ ಕೈಗವಸಿಲ್ಲದೆ ರೋಗಿಗಳ ರಕ್ತ ತೆಗೆದವರು. ಗಿನಿಯಲ್ಲಿ ಈ ರೋಗವನ್ನು ನೋಡಿದ ವೈದ್ಯರೇ ಇರಲಿಲ್ಲ. ಅದು ಎಬೋಲಾ ಅಂತ ಗೊತ್ತಾಗುವಷ್ಟರಲ್ಲಿ ಮಾರ್ಚ್ ಕಳೆಯುತ್ತಾ ಬಂದಿತ್ತು. ಮೂರು ತಿಂಗಳು. ರಕ್ತದ ಮಾದರಿ ಫ್ರಾನ್ಸಿನ ಲಿಯಾನ್‌ವರೆಗೆ ಹೋಗಬೇಕಾಯಿತು.

ಈಗ ನಾನು ವಿದ್ಯಾರ್ಥಿಗಳಿಗೆ ಹೇಳುವ ಒಂದು ಸರಳ ಲೆಕ್ಕವನ್ನು ನಿಮಗೂ ಹೇಳುತ್ತೇನೆ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಯಾವುದೇ ರೋಗಕ್ಕೆ ಎರಡು ಸಂಖ್ಯೆ ಕೇಳಿ. ಸೋಂಕು ಮೈಗೆ ಸೇರಿದ ಮೇಲೆ ಮನುಷ್ಯ ಮಲಗುವ ತನಕ ಎಷ್ಟು ದಿನ? ಈ ಊರಿನಿಂದ ಮುಂದಿನ ದೊಡ್ಡ ಊರಿಗೆ ಎಷ್ಟು ದಿನದ ದಾರಿ? ದಾರಿಯ ದಿನಗಳು ಜಾಸ್ತಿ ಇದ್ದರೆ ರೋಗಿ ದಾರಿಯಲ್ಲೇ ಮಲಗುತ್ತಾನೆ, ರೋಗ ಅಲ್ಲೇ ಉಳಿಯುತ್ತದೆ. ದಾರಿಯ ದಿನಗಳು ಕಡಿಮೆ ಇದ್ದರೆ, ಅವನು ನಗುನಗುತ್ತಾ ಬಸ್ಸಿಳಿದು ಮನೆಗೆ ಹೋಗುತ್ತಾನೆ, ರೋಗವೂ ಜೊತೆಗೆ ಹೋಗುತ್ತದೆ.

ಎಬೋಲಾಗೆ 2ರಿಂದ 21 ದಿನ. ನಡೆದು ಹೋಗುವ ಕಾಲದಲ್ಲಿ ಕಾಡು ಅದನ್ನು ತಡೆಯುತ್ತಿತ್ತು. ಬೈಕ್ ಬಂದ ಮೇಲೆ ತಡೆಯಲಾರದು. ಶ್ವಾಸಕೋಶದ ಪ್ಲೇಗ್ ಒಂದೆರಡು ದಿನದಲ್ಲೇ ಮಲಗಿಸಬಲ್ಲದು. ಅದಕ್ಕೆ ವೇಗದ ಗಾಡಿ ಬೇಕು. ಎಚ್‌ಐವಿಗೆ ವರ್ಷಗಳಿವೆ. ಅದಕ್ಕೆ ಯಾವ ಕೆಟ್ಟ ರಸ್ತೆಯೂ ಅಡ್ಡಿಯಲ್ಲ.

ಎಚ್‌ಐವಿಯ ಕಥೆಯನ್ನೇ ನೋಡಿ. ವೈರಸ್‌ನ ಹಳೆಯ ಮಾದರಿಗಳನ್ನು ಒಂದರ ಪಕ್ಕ ಒಂದಿಟ್ಟು ಅದರ ವಂಶವೃಕ್ಷ ಬರೆದ ವಿಜ್ಞಾನಿಗಳು 2014ರಲ್ಲಿ ಅದರ ದಾರಿಯನ್ನು ತೋರಿಸಿದರು. ಕ್ಯಾಮರೂನ್ ದೇಶದ ಆಗ್ನೇಯ ಮೂಲೆಯ ಕಾಡಿನಲ್ಲಿ ಚಿಂಪಾಂಜಿಯಿಂದ ಮನುಷ್ಯನಿಗೆ ಬಂದದ್ದು 20ನೇ ಶತಮಾನದ ಆರಂಭದ ಆಸುಪಾಸು. ಅಲ್ಲಿ ರಸ್ತೆಯೇ ಇರಲಿಲ್ಲ. ಆದರೆ ಸಂಘಾ ನದಿ ಇತ್ತು. ದೋಣಿಗಳು ದಂತ, ರಬ್ಬರ್ ಹೊತ್ತು ಕೆಳಗಿಳಿಯುತ್ತಿದ್ದವು. 1920ರ ಹೊತ್ತಿಗೆ ವೈರಸ್ ಕಾಂಗೊದ ಈಗಿನ ರಾಜಧಾನಿ ಕಿನ್ಶಾಸಾ ಸೇರಿತ್ತು. ಅಲ್ಲಿಂದ, ಆಗ ಕಾಂಗೊವನ್ನು ಆಳುತ್ತಿದ್ದ ಬೆಲ್ಜಿಯನ್ನರ ರೈಲು. 1940ರ ದಶಕದ ಕೊನೆಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಕಿನ್ಶಾಸಾ ಮೂಲಕ ರೈಲಿನಲ್ಲಿ ಓಡಾಡುತ್ತಿದ್ದರು. ವೈರಸ್ ಗಣಿ ಪಟ್ಟಣಗಳಾದ ಲುಬುಂಬಾಶಿ, ಎಂಬುಜಿ-ಮಾಯಿಗೆ ತಲುಪಿತು. ಎಚ್‌ಐವಿ ಇದ್ದ ಅತಿ ಹಳೆಯ ರಕ್ತದ ಮಾದರಿ ಕಿನ್ಶಾಸಾದ್ದೇ, 1959ರದ್ದು. ಏಡ್ಸ್ ಎಂಬ ಕಾಯಿಲೆಯನ್ನು ಜಗತ್ತು ಗುರುತಿಸಿದ್ದು 1981ರಲ್ಲಿ. ಅಷ್ಟು ವರ್ಷ ಯಾರಿಗೂ ಗೊತ್ತಾಗದೆ ಓಡಾಡಿದೆ.

1918ರ ಇನ್‌ಫ್ಲುಯೆಂಜಾ ಇದಕ್ಕೆ ಪೂರ್ತಿ ಉಲ್ಟಾ. ಎರಡೇ ದಿನದಲ್ಲಿ ಮಲಗಿಸುವ ರೋಗ. ಅದು ಹಡಗಿನಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಬಂದಿಳಿಯಿತು. ಕೇಪ್‌ಟೌನ್‌ನಿಂದ ರೈಲು ಹತ್ತಿ ಕಿಂಬರ್ಲಿಯ ವಜ್ರದ ಗಣಿಗೆ ಹೋಯಿತು. ಗಣಿ ಕೂಲಿಗಳು ಹೆದರಿ ಊರಿಗೆ ಹೊರಟರು. ಅವರ ಜೊತೆ ಅದೂ ಹಳ್ಳಿಗಳಿಗೆ ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ಕೆಲವೇ ವಾರಗಳಲ್ಲಿ ಸುಮಾರು ಮೂರು ಲಕ್ಷ ಜನ ಸತ್ತರು. ಅದಿರು ಸಾಗಿಸಲು ಹಾಕಿದ ಹಳಿ, ಕೂಲಿಗಳನ್ನು ಕರೆತರಲು ಹಾಕಿದ ಹಳಿ. ಅದೇ ಹಳಿಯ ಮೇಲೆ ಜ್ವರವೂ ಬಂತು.

ಹಾಗಾದರೆ ರಸ್ತೆ, ರೈಲು ಇಲ್ಲದಿರುವುದೇ ಒಳ್ಳೆಯದು ಅಂತ ನಿಮಗೆ ಅನ್ನಿಸಬಹುದು. ಅಲ್ಲೇ ನಾವು ತಪ್ಪುವುದು. ಗಾಡಿ ಕಡಿಮೆ ಇರುವುದೇ ಹೇಗೆ ಮುಳುವಾಗುತ್ತದೆ ಅನ್ನುವುದಕ್ಕೆ ಒಂದೇ ಒಂದು ಪಯಣ ನೋಡೋಣ.

ಮಡಗಾಸ್ಕರ್, 2017ರ ಆಗಸ್ಟ್ ಕೊನೆ. ಅಲ್ಲಿನ ಎತ್ತರದ ಸೀಮೆಯ ಹಳ್ಳಿಗಳಲ್ಲಿ ಇಲಿ-ಚಿಗಟದಿಂದ ಬರುವ ಪ್ಲೇಗ್ ಇಂದಿಗೂ ಇದೆ. ವರ್ಷಕ್ಕೆ ಸುಮಾರು 400 ಜನರಿಗೆ ಬರುತ್ತದೆ, ಹೆಚ್ಚಾಗಿ ಆ ಸೀಮೆಯಲ್ಲೇ ಉಳಿಯುತ್ತದೆ. ಆಗ 31 ವರ್ಷದ ಒಬ್ಬ ಯುವಕ ಅಂಕಾಜೊಬೆ ಕಡೆಯಿಂದ ಕರಾವಳಿಯ ತೊಆಮಸಿನಾ ಪಟ್ಟಣಕ್ಕೆ ಹೊರಟ. ಮೈಯಲ್ಲಿ ಜ್ವರ. ಮಲೇರಿಯಾ ಇರಬೇಕು ಅಂದುಕೊಂಡಿದ್ದರು. ಹತ್ತಿದ್ದು ಅಲ್ಲಿನ ಜನ ತಾಕ್ಸಿ-ಬ್ರೂಸ್ ಅನ್ನುವ ಸಣ್ಣ ವ್ಯಾನ್. ನಮ್ಮ ಹಳ್ಳಿ ಕಡೆಯ ಮ್ಯಾಕ್ಸಿಕ್ಯಾಬ್ ನೆನಪಿಸಿಕೊಳ್ಳಿ. ಸೀಟು ತುಂಬಿದ ಮೇಲೂ ಜನ ತುಂಬುತ್ತಾರೆ, ಮೇಲೆ ಮೂಟೆ ಕಟ್ಟುತ್ತಾರೆ. ಗಾಡಿ ತುಂಬದೆ ಹೊರಡುವುದಿಲ್ಲ, ಯಾಕೆಂದರೆ ಮುಂದಿನ ಗಾಡಿ ಯಾವಾಗ ಅನ್ನುವುದು ಯಾರಿಗೂ ಗೊತ್ತಿಲ್ಲ. ರಾಜಧಾನಿ ಅಂತನಾನಾರಿವೊ ದಾಟಿ ಮುಂದೆ ಹೋಗುವಾಗ ಅವನಿಗೆ ಉಸಿರು ಸಿಗದಾಯಿತು. ದಾರಿಯಲ್ಲೇ ಜೀವ ಹೋಯಿತು. ಪ್ಲೇಗ್ ಶ್ವಾಸಕೋಶಕ್ಕೆ ಇಳಿದಿತ್ತು. ಹಾಗಾದಾಗ ಅದು ಚಿಗಟ ಬೇಡದೆ, ಕೆಮ್ಮಿನಲ್ಲೇ ಹಾರುತ್ತದೆ. ಅವನ ಸಂಪರ್ಕಕ್ಕೆ ಬಂದ 31 ಜನರಿಗೆ ಕಾಯಿಲೆಯಾಯಿತು, ನಾಲ್ವರು ಸತ್ತರು. ಇದು ಪ್ಲೇಗ್ ಎಂದು ಅಧಿಕಾರಿಗಳಿಗೆ ತಿಳಿದದ್ದು ಸೆಪ್ಟೆಂಬರ್ ಎರಡನೇ ವಾರದಲ್ಲಿ. ಅಷ್ಟರಲ್ಲಿ ರಾಜಧಾನಿಯಲ್ಲೂ ಬಂದರಿನಲ್ಲೂ ಹಬ್ಬಿತ್ತು. ನವೆಂಬರ್ ಮುಗಿಯುವ ಹೊತ್ತಿಗೆ ಶಂಕಿತರೂ ಸೇರಿ 2,417 ಪ್ರಕರಣ, 209 ಸಾವು.

ದಿನಕ್ಕೆ ಹತ್ತು ಬಸ್ಸಿರುವ ದಾರಿಯಲ್ಲಿ ಇದೇ ಯುವಕ ಹೋಗಿದ್ದರೆ ಪಕ್ಕದ ಸೀಟು ಖಾಲಿ ಇರಬಹುದಿತ್ತು, ಕಿಟಕಿ ತೆರೆದಿರಬಹುದಿತ್ತು, ಪಯಣ ಬೇಗ ಮುಗಿಯಬಹುದಿತ್ತು. ಒಂದೇ ಗಾಡಿ ಇರುವ ದಾರಿಯಲ್ಲಿ ಎಲ್ಲರೂ ಅದೇ ಗಾಡಿಗೆ ಬರುತ್ತಾರೆ. ಜ್ವರ ಇರುವವರೂ, ಬಾಣಂತಿಯರೂ, ಕೋಳಿ ಮಾರುವವರೂ. ಕೆಟ್ಟ ರಸ್ತೆಯಲ್ಲಿ ಗಾಡಿ ಗಂಟೆಗಟ್ಟಲೆ ಕುಲುಕುತ್ತಾ ಹೋಗುತ್ತದೆ. ಸಂಪರ್ಕ ಕಡಿಮೆ ಅಂತ ನಾವು ಹೊರಗಿನಿಂದ ಅಂದುಕೊಳ್ಳುತ್ತೇವೆ. ಗಾಡಿಯೊಳಗೆ ನೋಡಿದರೆ ಸಂಪರ್ಕ ಜಾಸ್ತಿಯೇ ಆಗಿರುತ್ತದೆ.

ಅದೇ 2014ರಲ್ಲಿ ಇನ್ನೊಂದು ಪಯಣ. ಎರಡು ವರ್ಷದ ಒಂದು ಹೆಣ್ಣುಮಗುವನ್ನು ಮನೆಯವರು ಗಿನಿಯಿಂದ ಮಾಲಿ ದೇಶದ ಕಾಯೆಸ್ ಪಟ್ಟಣಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸಾವಿರಕ್ಕೂ ಹೆಚ್ಚು ಕಿ.ಮೀ. ದಾರಿ. ಮಗುವಿಗೆ ಎಬೋಲಾ ಇತ್ತು, ಮೂಗಿನಲ್ಲಿ ರಕ್ತ ಬರುತ್ತಿತ್ತು. ಮಗು ಉಳಿಯಲಿಲ್ಲ. ಆದರೆ ಆ ಬಸ್ಸುಗಳಲ್ಲಿ ಕೂತಿದ್ದವರಲ್ಲಿ ಯಾರಿಗೂ ರೋಗ ಬರಲಿಲ್ಲ. ಎಬೋಲಾ ಗಾಳಿಯಲ್ಲಿ ಹಾರುವುದಿಲ್ಲ. ರಕ್ತ, ವಾಂತಿ, ಬೆವರು ಮೈಗೆ ತಾಗಬೇಕು. ಅಂದರೆ ಅದು ಮುಖ್ಯವಾಗಿ ಆರೈಕೆ ಮಾಡುವವರಿಗೆ ಅಂಟುತ್ತದೆ. ಎತ್ತಿಕೊಳ್ಳುವವರಿಗೆ, ಒರೆಸುವವರಿಗೆ, ಸತ್ತ ಮೇಲೆ ಮೈ ತೊಳೆಯುವವರಿಗೆ.

ಇದನ್ನು ಓದಿದ ಮೇಲೆ ಆಂಬುಲೆನ್ಸ್ ಇಲ್ಲದ ಊರಿನಲ್ಲಿ ರೋಗಿಯನ್ನು ಹೇಗೆ ಒಯ್ಯುತ್ತಾರೆ ಅಂತ ಯೋಚಿಸಿ. ಬೈಕಿನಲ್ಲಿ. ಮುಂದೆ ಸವಾರ, ನಡುವೆ ರೋಗಿ, ಹಿಂದೆ ಬೀಳದ ಹಾಗೆ ತಬ್ಬಿ ಹಿಡಿಯುವ ಅಣ್ಣನೋ ಮಗನೋ. ರೋಗಿಯ ತಲೆ ಸವಾರನ ಬೆನ್ನಿಗೆ ಒರಗಿರುತ್ತದೆ. 2017ರಲ್ಲಿ ಕಾಂಗೊದ ಲಿಕಾಟಿಯಲ್ಲಿ ಮೊದಲು ಸತ್ತ ವ್ಯಕ್ತಿಯನ್ನು ಹೀಗೇ ಆಸ್ಪತ್ರೆಗೆ ತಂದರು. ದಾರಿಯಲ್ಲಿ ಆರೈಕೆ ಮಾಡಿದವರಿಗೆ ಜ್ವರ ಬಂತು. ಬೈಕ್ ಓಡಿಸಿದವನು ಸತ್ತ. ಬಾಡಿಗೆಗೆ ಬಂದಿದ್ದ ಅಷ್ಟೇ. ರೋಗಿ ಅವನಿಗೆ ನೆಂಟನೂ ಅಲ್ಲ.

ಲಿಕಾಟಿ ಕಿನ್ಶಾಸಾದಿಂದ ಸುಮಾರು 1,300 ಕಿ.ಮೀ. ದೂರ. ಅಲ್ಲಿ ರೋಗ 8 ಜನರಿಗೆ ಬಂದು, 4 ಜನ ಸತ್ತು, ನಿಂತಿತು. ದೂರ ಅವರನ್ನು ಕಾಪಾಡಿತು ಅನ್ನಬಹುದು. ನಾನೂ ಒಪ್ಪುತ್ತೇನೆ. ಆದರೆ ನಿಜವಾಗಿ ಅವರನ್ನು ಕಾಪಾಡಿದ್ದು ಇನ್ನೊಂದು: ಅಲ್ಲಿನ ಆರೋಗ್ಯ ಕೇಂದ್ರದವರು ಸುದ್ದಿ ಕೊಟ್ಟರು, ಮಾದರಿ ಕಿನ್ಶಾಸಾಗೆ ಹೋಯಿತು, ತಂಡ ಹೆಲಿಕಾಪ್ಟರ್‌ನಲ್ಲಿ, ಬೈಕ್‌ಗಳಲ್ಲಿ ಬಂತು. ಸುದ್ದಿ ಹೊರಗೆ ಹೋಗದ ಊರುಗಳ ಕಥೆ ನಮಗೆ ಗೊತ್ತೇ ಇಲ್ಲ. ಅಲ್ಲಿ ಸತ್ತವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ದೂರದ ಊರಲ್ಲಿ ರೋಗ ಕಡಿಮೆ ಅಂತ ಯಾರಾದರೂ ಅಂಕಿ ತೋರಿಸಿದಾಗ ನನಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಎಣಿಸುವವರು ಅಲ್ಲಿಗೆ ಹೋಗಿದ್ದರೇ?

1976ರ ಯಾಂಬುಕುವಿನಲ್ಲಿ 318 ಜನರಿಗೆ ರೋಗ ಬಂದು 280 ಜನ ಸತ್ತರು. ಅಷ್ಟು ದೂರದ ಕಾಡಿನಲ್ಲಿ ಅದನ್ನು ಹಬ್ಬಿಸಿದ್ದು ರಸ್ತೆಯಲ್ಲ, ಸಿರಿಂಜು. ಅಲ್ಲಿನ ಮಿಷನ್ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಐದು ಸಿರಿಂಜು ಕೊಡುತ್ತಿದ್ದರು. ದಿನವಿಡೀ ನೂರಾರು ಜನರಿಗೆ ಅದೇ ಐದು, ನಡುವೆ ಬಿಸಿನೀರಿನಲ್ಲಿ ತೊಳೆಯುತ್ತಿದ್ದರು ಅಷ್ಟೇ. ದಾದಿಯರು ಕೆಟ್ಟವರಲ್ಲ, ಅವರಲ್ಲೂ ಹಲವರು ಸತ್ತರು. ಸಾಮಾನು ಬರುವ ದಾರಿ ಅಷ್ಟು ಕಷ್ಟದ್ದಾದಾಗ ಐದು ಸಿರಿಂಜಿನಲ್ಲೇ ದಿನ ದೂಡುತ್ತಾರೆ. ಆಸ್ಪತ್ರೆ ಮುಚ್ಚಿದ ಮೇಲೆ ರೋಗ ಇಳಿಯಿತು. ಜ್ವರ ಹತ್ತಿದ ಸನ್ಯಾಸಿನಿಯೊಬ್ಬರನ್ನು ವಿಮಾನದಲ್ಲಿ ಕಿನ್ಶಾಸಾಗೆ ಕರೆದೊಯ್ದಿದ್ದರಿಂದ ರೋಗ ರಾಜಧಾನಿಯನ್ನೂ ಮುಟ್ಟಿತು. ಅಲ್ಲಿ ಎರಡು-ಮೂರು ಜನರಲ್ಲೇ ಅದನ್ನು ತಡೆದದ್ದು ಪುಣ್ಯ.

ದಡಾರದ ವಿಷಯದಲ್ಲಿ ದೂರ ಇನ್ನೊಂದು ಬಗೆಯಲ್ಲಿ ಕೆಡುಕು ಮಾಡುತ್ತದೆ. ದಡಾರ ಒಂದು ಊರಲ್ಲಿ ನಿರಂತರ ಉಳಿಯಬೇಕಾದರೆ ಅಲ್ಲಿ ಸದಾ ಹೊಸ ಮಕ್ಕಳು ಸಿಗುತ್ತಿರಬೇಕು. ಲಕ್ಷಗಟ್ಟಲೆ ಜನ ಇರುವ ನಗರದಲ್ಲಿ ಸಿಗುತ್ತಾರೆ. ಸಣ್ಣ ಹಳ್ಳಿಯಲ್ಲಿ ಎಲ್ಲ ಮಕ್ಕಳಿಗೂ ಬಂದು ಹೋದ ಮೇಲೆ ಆರಿಹೋಗುತ್ತದೆ. ದೂರದ ಹಳ್ಳಿಯಲ್ಲಿ ಐದಾರು ವರ್ಷ ದಡಾರವೇ ಇಲ್ಲ ಅಂದರೆ ತಾಯಂದಿರು ನೆಮ್ಮದಿಯಾಗಿರುತ್ತಾರೆ. ಆದರೆ ಆ ಐದಾರು ವರ್ಷದಲ್ಲಿ ಹುಟ್ಟಿದ ಯಾವ ಮಗುವಿಗೂ ಅದರ ವಿರುದ್ಧ ಶಕ್ತಿ ಇಲ್ಲ. ಲಸಿಕೆಯೂ ಬಂದಿಲ್ಲ, ಯಾಕೆಂದರೆ ಅದೇ ಕೆಟ್ಟ ದಾರಿಯಲ್ಲಿ ತಣ್ಣಗಿನ ಪೆಟ್ಟಿಗೆ ಬರಬೇಕು. ಒಂದು ದಿನ ಸಂತೆಯಿಂದ ಯಾರೋ ತರುತ್ತಾರೆ. ಎಲ್ಲ ಮಕ್ಕಳೂ ಒಟ್ಟಿಗೆ ಮಲಗುತ್ತಾರೆ. 2019ರಲ್ಲಿ ಶುರುವಾದ ಕಾಂಗೊದ ದಡಾರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪ್ರಕರಣ, 6,000ಕ್ಕೂ ಹೆಚ್ಚು ಸಾವು. ಅದೇ ಹೊತ್ತಿನಲ್ಲಿ ಅದೇ ದೇಶದ ಪೂರ್ವದಲ್ಲಿದ್ದ ಎಬೋಲಾಗೆ ಸತ್ತದ್ದು 2,287 ಜನ. ಜಗತ್ತಿನ ಕ್ಯಾಮೆರಾಗಳೆಲ್ಲ ಎಬೋಲಾ ಕಡೆ ಇದ್ದವು. ನನಗೆ ಇದು ಇಂದಿಗೂ ನೋವಿನ ವಿಷಯ. ದಡಾರಕ್ಕೆ ಲಸಿಕೆ ಬಂದು ಅರ್ಧ ಶತಮಾನವೇ ಕಳೆದಿತ್ತು.

ನೈಜರ್ ದೇಶದಲ್ಲಿ ಈ ಓಡಾಟವನ್ನು ಆಕಾಶದಿಂದಲೇ ನೋಡಿದ್ದಾರೆ. ಸುಗ್ಗಿ ಮುಗಿದು ಬೇಸಾಯದ ಕೆಲಸ ಇಲ್ಲದಾಗ ಜನ ಕೂಲಿಗೆ ಪಟ್ಟಣ ಸೇರುತ್ತಾರೆ. ಮಳೆ ಶುರುವಾದರೆ ಹಳ್ಳಿಗೆ ವಾಪಸ್. ಉಪಗ್ರಹ ತೆಗೆದ ರಾತ್ರಿಯ ಚಿತ್ರಗಳಲ್ಲಿ ನಿಯಾಮೆ, ಮರಾಡಿ, ಜಿಂದರ್ ಪಟ್ಟಣಗಳ ಬೆಳಕು ಬೇಸಿಗೆಯಲ್ಲಿ ಹೆಚ್ಚುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ದಡಾರವೂ ಅದರ ಜೊತೆಗೇ ಏರಿ ಇಳಿಯುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ಕೀನ್ಯಾದಲ್ಲಿ ಮಲೇರಿಯಾಗೆ ಇಂಥದ್ದೇ ಕೆಲಸ ಮಾಡಿದರು. ಸುಮಾರು ಒಂದೂವರೆ ಕೋಟಿ ಮೊಬೈಲ್‌ಗಳ ಓಡಾಟ ನೋಡಿದಾಗ, ವಿಕ್ಟೋರಿಯಾ ಸರೋವರದ ಕಡೆಯಿಂದ ನೈರೋಬಿಗೆ ಜನರ ರಕ್ತದಲ್ಲೇ ಮಲೇರಿಯಾ ಪ್ರಯಾಣ ಮಾಡುತ್ತಿರುವುದು ಕಂಡಿತು. ಸೊಳ್ಳೆ ಅಷ್ಟು ದೂರ ಹಾರುವುದಿಲ್ಲ.

ಇನ್ನು ಗಡಿ ಮುಚ್ಚುವ ವಿಷಯ. ಮನಸ್ಸಿಗೆ ಸುಲಭವಾಗಿ ಹೊಳೆಯುವ ಉಪಾಯ ಇದು, ಎಲ್ಲ ಸರ್ಕಾರಗಳಿಗೂ ಹೊಳೆಯುತ್ತದೆ. 2014ರಲ್ಲಿ ಗಡಿಯ ಗೇಟುಗಳನ್ನು ಮುಚ್ಚಿದರು. ಕಿಸ್ಸಿ ಜನರ ಅತ್ತೆಮನೆ, ತವರು ಇದ್ದಲ್ಲೇ ಇದ್ದವಲ್ಲ, ಅವರು ಕಾಡಿನ ಕಾಲುದಾರಿಯಲ್ಲಿ ದಾಟಿದರು. ಗೇಟಿನಲ್ಲಾದರೆ ಜ್ವರ ನೋಡುವವರು ಇರುತ್ತಿದ್ದರು, ಕಾಲುದಾರಿಯಲ್ಲಿ ಯಾರೂ ಇಲ್ಲ. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ಸೈನಿಕರು ಸುತ್ತುವರಿದು ಮುಚ್ಚಿದರು. ಗಲಾಟೆಯಾಯಿತು, ಗುಂಡು ಹಾರಿತು, ಒಬ್ಬ ಹುಡುಗ ಸತ್ತ. ಹತ್ತು ದಿನದಲ್ಲಿ ತೆರೆಯಬೇಕಾಯಿತು. ಹಲವು ವಿಮಾನ ಕಂಪನಿಗಳು ಹಾರಾಟ ನಿಲ್ಲಿಸಿದವು. ವೈದ್ಯರು, ಕೈಗವಸು, ರಕ್ಷಣಾ ಉಡುಪು ಬರಬೇಕಾದದ್ದೂ ಅದೇ ವಿಮಾನಗಳಲ್ಲಿ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾದ ವಿಜ್ಞಾನಿಗಳು ಕೋವಿಡ್‌ನ ಒಮಿಕ್ರಾನ್ ತಳಿಯನ್ನು ಜಗತ್ತಿಗೆ ತಿಳಿಸಿದಾಗಲೂ ಹೀಗೇ ಆಯಿತು. ಕೆಲವೇ ದಿನದಲ್ಲಿ ಅವರಿಗೇ ವಿಮಾನ ಬಂದ್. ಪ್ರಯೋಗಾಲಯಕ್ಕೆ ಬೇಕಾದ ರಾಸಾಯನಿಕಗಳೂ ವಿಮಾನದಲ್ಲೇ ಬರಬೇಕಿತ್ತು. ಸುದ್ದಿ ಕೊಟ್ಟವರಿಗೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಯಾರು ಸುದ್ದಿ ಕೊಡುತ್ತಾರೆ?

ನೈಜೀರಿಯಾ ಏನು ಮಾಡಿತು ನೋಡಿ. 2014ರ ಜುಲೈ 20ರಂದು ಎಬೋಲಾ ಇದ್ದ ಪ್ರಯಾಣಿಕರೊಬ್ಬರು ಲೈಬೀರಿಯಾದಿಂದ ವಿಮಾನದಲ್ಲಿ ಲಾಗೋಸ್‌ಗೆ ಬಂದಿಳಿದರು. ಲಾಗೋಸ್ ಅಂದರೆ ಕೋಟಿಗಟ್ಟಲೆ ಜನರ ನಗರ. ಎಲ್ಲರೂ ಕೆಟ್ಟದ್ದನ್ನೇ ನಿರೀಕ್ಷಿಸಿದರು. ನೈಜೀರಿಯಾದಲ್ಲಿ ಪೋಲಿಯೊ ಕೆಲಸಕ್ಕೆ ಕಟ್ಟಿದ್ದ ತಂಡ ಇತ್ತು. ಆ ತಂಡವನ್ನೇ ಇದಕ್ಕೆ ತಿರುಗಿಸಿದರು. ರೋಗಿಗಳ ಸಂಪರ್ಕಕ್ಕೆ ಬಂದ 894 ಜನರ ಪಟ್ಟಿ ಮಾಡಿದರು. ಪ್ರತಿಯೊಬ್ಬರ ಮನೆಗೂ 21 ದಿನ ಹೋಗಿ ಜ್ವರ ನೋಡಿದರು. ಹಾಗೆ ಹೋದದ್ದು ಸುಮಾರು 18,500 ಸಲ. ಒಟ್ಟು 20 ಜನರಿಗೆ ಬಂತು, 8 ಜನ ಸತ್ತರು. ಅಕ್ಟೋಬರ್ 20ಕ್ಕೆ ಮುಗಿಯಿತು. ದಾರಿ ಚೆನ್ನಾಗಿದ್ದ ಕಡೆ ರೋಗ ಬೇಗ ಬಂತು ನಿಜ. ಆದರೆ ಅದೇ ದಾರಿಯಲ್ಲಿ ಹುಡುಕುವವರು ಇನ್ನೂ ಬೇಗ ಮನೆಮನೆ ತಲುಪಿದರು. ನನ್ನ ಅಭಿಪ್ರಾಯವನ್ನೆಲ್ಲ ಈ ಒಂದು ಘಟನೆಯಲ್ಲೇ ಹೇಳಬಹುದು. ರೋಗಕ್ಕೆ ಕಾಲುದಾರಿ ಸಾಕು. ಚಿಕಿತ್ಸೆಗೆ ರಸ್ತೆ ಬೇಕು.

2018ರಲ್ಲಿ ಕಾಂಗೊದ ಬಿಕೊರೊ ಸೀಮೆಯಲ್ಲಿ ಎಬೋಲಾ ಬಂದಾಗ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ರೋಗ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಎಂಬಂಡಕಾ ನಗರಕ್ಕೆ ಬಂತು. ಕಾಂಗೊ ನದಿಯ ದಡದ ಊರು. ಅಲ್ಲಿಂದ ಮರಗೆಣಸು, ಒಣಮೀನು, ಜನ ಎಲ್ಲವನ್ನೂ ಹೇರಿಕೊಂಡು ಬಾರ್ಜ್‌ಗಳು ಕಿನ್ಶಾಸಾ ಕಡೆ ಹೋಗುತ್ತವೆ. ಆದರೆ ಈ ಸಲ ಕೈಯಲ್ಲಿ ಲಸಿಕೆ ಇತ್ತು. ಆ ಲಸಿಕೆಯನ್ನು ಸೊನ್ನೆಗಿಂತ 60ರಿಂದ 80 ಡಿಗ್ರಿ ಕೆಳಗೆ ಇಡಬೇಕು. ಕರೆಂಟೇ ಇಲ್ಲದ ಕಾಡಿಗೆ ಅದನ್ನು ಒಯ್ಯಬೇಕು. ದಪ್ಪ ಗೋಡೆಯ ದೊಡ್ಡ ಫ್ಲಾಸ್ಕಿನಂಥ ವಿಶೇಷ ಪಾತ್ರೆಗಳಲ್ಲಿಟ್ಟು ವಿಮಾನದಲ್ಲಿ, ಹೆಲಿಕಾಪ್ಟರ್‌ನಲ್ಲಿ, ಜೀಪಿನಲ್ಲಿ, ಕೊನೆಗೆ ಬೈಕಿನಲ್ಲಿ ಒಯ್ದರು. ರೋಗಿಯ ಸುತ್ತಲಿನವರಿಗೆ, ಆ ಸುತ್ತಲಿನವರ ಸುತ್ತಲಿನವರಿಗೆ ಚುಚ್ಚಿದರು. ಒಟ್ಟು 54 ಪ್ರಕರಣ, 33 ಸಾವು. ಎಂಬಂಡಕಾದಲ್ಲಿ ನಾಲ್ಕಕ್ಕೇ ನಿಂತಿತು. ರೋಗ ತಂದದ್ದೂ ಬೈಕ್, ಲಸಿಕೆ ತಂದದ್ದೂ ಬೈಕ್.

ಈಗ ನಿಮ್ಮ ಮಗನ ವಿಷಯ. ಉಗಾಂಡದಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಮುಬೆಂಡೆ ಜಿಲ್ಲೆಯಲ್ಲಿ ಎಬೋಲಾ ಕಂಡಿತ್ತು. ಕಂಪಾಲಾಗೆ ಒಳ್ಳೆಯ ರಸ್ತೆ ಇರುವುದರಿಂದ ಕೆಲವು ರೋಗಿಗಳು ಕಂಪಾಲಾಗೂ ಬಂದರು. ಖಚಿತವಾದ 142 ಪ್ರಕರಣ, ಅವರಲ್ಲಿ 55 ಸಾವು. ಅದು ಎಬೋಲಾದ ಬೇರೆ ತಳಿ, ಅದಕ್ಕೆ ಲಸಿಕೆಯೂ ಇರಲಿಲ್ಲ. ಮುಬೆಂಡೆಗೆ ಹೋಗಿಬರುವುದನ್ನು ಕೆಲವು ವಾರ ನಿಲ್ಲಿಸಿದರು, ಬೈಕ್ ಟ್ಯಾಕ್ಸಿಗಳನ್ನೂ ನಿಲ್ಲಿಸಿದರು, ಜೊತೆಗೆ ಸಂಪರ್ಕದಲ್ಲಿದ್ದವರನ್ನು ಹುಡುಕಿದರು. 2023ರ ಜನವರಿ 11ಕ್ಕೆ ಮುಗಿಯಿತು ಎಂದು ಘೋಷಿಸಿದರು. ಉಗಾಂಡದವರು ಈ ಕೆಲಸದಲ್ಲಿ ಪಳಗಿದವರು, ನಿಮಗೆ ಅಷ್ಟು ಧೈರ್ಯ ಇರಲಿ. ರೋಗಿಗಳ ಆರೈಕೆ, ಶವಸಂಸ್ಕಾರ ಇವುಗಳಿಂದ ದೂರ ಇರುವ ಒಬ್ಬ ಕಚೇರಿ ನೌಕರನಿಗೆ ಎಬೋಲಾ ಅಪಾಯ ತೀರಾ ಕಡಿಮೆ. ಅವನಿಗೆ ನಿಜವಾಗಿ ಎದುರಾಗುವುದು ಮಲೇರಿಯಾ. ಸೊಳ್ಳೆಪರದೆ ಬೇಕು. ತಡೆಗಟ್ಟುವ ಮಾತ್ರೆ ಬೇಕೇ ಅಂತ ಹೊರಡುವ ಮುಂಚೆ ವೈದ್ಯರನ್ನು ಕೇಳಲಿ. ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಲಿ. ರಜೆಗೆ ಊರಿಗೆ ಬಂದ ಮೇಲೆ ಜ್ವರ ಬಂದರೆ "ಉಗಾಂಡದಿಂದ ಬಂದಿದ್ದೇನೆ" ಅಂತ ವೈದ್ಯರಿಗೆ ಮೊದಲೇ ಹೇಳಲಿ.

ಮಾಡಿಕೊಳ್ಳಲೇಬೇಕು ಅಂದೆನಲ್ಲ, ಅದು ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಪುಸ್ತಕ (ಲಸಿಕೆ ಹಾಕಿಸಿದ್ದಕ್ಕೆ ಪ್ರಮಾಣಪತ್ರ) ತೆಗೆದುಕೊಳ್ಳಲಿ. ಒಂದು ಸಲ ಹಾಕಿಸಿದರೆ ಅದು ಜೀವಮಾನಕ್ಕೆ ನಡೆಯುತ್ತದೆ. ಉಗಾಂಡಕ್ಕೆ ಹೋಗುವಾಗಲೂ ಕೇಳುತ್ತಾರೆ. ಭಾರತಕ್ಕೆ ಮರಳುವಾಗ ಆ ಪುಸ್ತಕ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಈ 6 ದಿನ ಎಲ್ಲಿಂದ ಬಂತು ಗೊತ್ತಾ? ಹಳದಿ ಜ್ವರದ ಸೋಂಕು ತಗುಲಿದ ಮೇಲೆ ಕಾಯಿಲೆ ಕಾಣಲು 3ರಿಂದ 6 ದಿನ ಬೇಕು. ಮೇಲೆ ಹೇಳಿದ ಲೆಕ್ಕವೇ ಇದು. ಹಡಗಿನ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಮುಂಬೈ ತಲುಪುವಷ್ಟರಲ್ಲಿ ಆ ಆರು ದಿನ ಸಮುದ್ರದ ಮೇಲೇ ಕಳೆದುಹೋಗುತ್ತಿತ್ತು. ಈಗ ಒಂದು ದಿನವೂ ಬೇಡ. ಆ ಜ್ವರ ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಡೆಂಗಿ ತರುವ ಅದೇ ಸೊಳ್ಳೆ. ಆದರೆ ವೈರಸ್ ಇನ್ನೂ ಬಂದಿಲ್ಲ. 2016ರಲ್ಲಿ ಅಂಗೋಲಾದಲ್ಲಿ ಕೆಲಸಕ್ಕಿದ್ದ ಚೀನೀಯರು ಊರಿಗೆ ಮರಳಿದಾಗ ಅವರಲ್ಲಿ 11 ಜನರ ಮೈಯಲ್ಲಿ ಅದು ವಿಮಾನದಲ್ಲಿ ಚೀನಾಕ್ಕೆ ಬಂದಿತ್ತು. ಏಷ್ಯಾಕ್ಕೆ ಅದು ಬಂದದ್ದು ದಾಖಲಾದದ್ದು ಅದೇ ಮೊದಲು. ಅದೃಷ್ಟಕ್ಕೆ ಅಲ್ಲಿ ಯಾರಿಗೂ ಹರಡಲಿಲ್ಲ. ಆದ್ದರಿಂದ ಆ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಲು ಮಗನಿಗೆ ಹೇಳಿ. ದಿನಾಂಕ, ಸೀಲು, ಸಹಿ ಮೂರೂ ಸರಿಯಾಗಿವೆಯೇ ಅಂತ ಲಸಿಕಾ ಕೇಂದ್ರದಲ್ಲೇ ನೋಡಿಕೊಂಡು ಹೊರಬರಲಿ.